ಅಮೆರಿಕದ ರಾಜ್ಯಗಳ ಅಡ್ಡಹೆಸರುಗಳು: ಯಾರು ಇಟ್ಟರು, ಯಾವಾಗ, ಏಕೆ

ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಭಾಗದಲ್ಲಿರುವ ನೆವಾಡ ರಾಜ್ಯಕ್ಕೆ ‘ಸಿಲ್ವರ್ ಸ್ಟೇಟ್’, ಅಂದರೆ ಬೆಳ್ಳಿಯ ರಾಜ್ಯ, ಎಂಬ ಅಡ್ಡಹೆಸರಿದೆ. ಆದರೆ ಇಂದು ಆ ರಾಜ್ಯದ ಗಣಿಗಳು ಹೆಸರುವಾಸಿಯಾಗಿರುವುದು ಚಿನ್ನಕ್ಕೆ, ದೇಶದಲ್ಲಿ ತೆಗೆಯುವ ಚಿನ್ನದ ಬಹುಪಾಲು ಅಲ್ಲಿಂದಲೇ ಬರುತ್ತದೆ. ಜಾರ್ಜಿಯಾವನ್ನು ‘ಪೀಚ್ ಸ್ಟೇಟ್’ ಎನ್ನುತ್ತಾರೆ. ಅದಕ್ಕಿಂತ ಹೆಚ್ಚು ಪೀಚ್ ಹಣ್ಣು ಬೆಳೆಯುವುದು ಕ್ಯಾಲಿಫೋರ್ನಿಯಾ ಮತ್ತು ಪಕ್ಕದ ಸೌತ್ ಕೆರೊಲಿನಾ. ಮಿನೆಸೋಟಾ ‘ಹತ್ತು ಸಾವಿರ ಸರೋವರಗಳ ನಾಡು’. 10 ಎಕರೆ ಮತ್ತು ಅದಕ್ಕಿಂತ ದೊಡ್ಡದಾದ ಸರೋವರಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೂ ಅಲ್ಲಿ 11,842 ಸರೋವರಗಳಿವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೂ ಕ್ವಿಜ್‌ಗೆ ತಯಾರಾಗುವ ಮಕ್ಕಳೂ ಈ ಹೆಸರುಗಳನ್ನು ಎರಡು ಕಾಲಂಗಳ ಪಟ್ಟಿಯಾಗಿ ಬಾಯಿಪಾಠ ಮಾಡುತ್ತಾರೆ. ಹಾಗೆ ಓದಿದಾಗ ಪ್ರತಿಯೊಂದು ಹೆಸರೂ ಆ ರಾಜ್ಯದ ಈಗಿನ ಸ್ಥಿತಿಯ ವರ್ಣನೆ ಎಂಬ ಭಾವನೆ ಹುಟ್ಟುತ್ತದೆ. ವಾಸ್ತವದಲ್ಲಿ ಅಡ್ಡಹೆಸರು ಯಾವುದೋ ಒಂದು ಕಾಲದಲ್ಲಿ, ಯಾರದೋ ಅಗತ್ಯಕ್ಕೆ, ಯಾವುದೋ ಉದ್ದೇಶದಿಂದ ಹುಟ್ಟಿದ ದಾಖಲೆ. ಯಾರು ಇಟ್ಟರು, ಯಾವಾಗ ಇಟ್ಟರು ಎಂಬ ಎರಡು ಪ್ರಶ್ನೆಗಳನ್ನು ಜೊತೆಗಿಟ್ಟುಕೊಂಡರೆ ಅದೇ ಪಟ್ಟಿಯಿಂದ ಆ ದೇಶದ ಇತಿಹಾಸವನ್ನೇ ಓದಬಹುದು.

ಮೊದಲು ತಿಳಿಯಬೇಕಾದುದು, ಈ ಹೆಸರುಗಳೆಲ್ಲಕ್ಕೂ ಒಂದೇ ಬಗೆಯ ಅಧಿಕಾರವಿಲ್ಲ ಎಂಬುದು. ಐವತ್ತು ರಾಜ್ಯಗಳ ಪೈಕಿ ಕೆಲವು ತಮ್ಮ ಶಾಸನಸಭೆಯಲ್ಲಿ ಕಾಯ್ದೆ ಮಾಡಿ ಅಡ್ಡಹೆಸರನ್ನು ಅಧಿಕೃತಗೊಳಿಸಿವೆ: ಕ್ಯಾಲಿಫೋರ್ನಿಯಾ ‘ಗೋಲ್ಡನ್ ಸ್ಟೇಟ್’ ಎಂಬುದನ್ನು 1968ರಲ್ಲಿ, ಫ್ಲಾರಿಡಾ ‘ಸನ್‌ಶೈನ್ ಸ್ಟೇಟ್’ ಎಂಬುದನ್ನು 1970ರಲ್ಲಿ, ನ್ಯೂ ಮೆಕ್ಸಿಕೋ ‘ಲ್ಯಾಂಡ್ ಆಫ್ ಎನ್‌ಚಾಂಟ್‌ಮೆಂಟ್’, ಮೋಡಿಯ ನಾಡು, ಎಂಬುದನ್ನು 1999ರಲ್ಲಿ. ಇವೆಲ್ಲ ಜನರ ಬಾಯಲ್ಲಿ ದಶಕಗಳ ಕಾಲ ಓಡಾಡಿದ ಮೇಲೆ ಸರ್ಕಾರದ ಮುದ್ರೆ ಪಡೆದ ಹೆಸರುಗಳು. ಇನ್ನು ಕೆಲವು ರಾಜ್ಯಗಳಲ್ಲಿ ಹೆಸರು ವಾಹನಗಳ ನಂಬರ್ ಪ್ಲೇಟಿನ ಮೇಲೆ ಮಾತ್ರ ಇದೆ, ಮತ್ತೆ ಕೆಲವೆಡೆ ರೂಢಿಯಲ್ಲಿ ಮಾತ್ರ. ಮಿಸ್ಸೌರಿಯ ‘ಶೋ ಮಿ ಸ್ಟೇಟ್’ ದೇಶದುದ್ದಕ್ಕೂ ಎಲ್ಲರಿಗೂ ಗೊತ್ತಿರುವ ಹೆಸರಾದರೂ ಅದಕ್ಕೆ ಕಾಯ್ದೆಯ ಬಲವಿಲ್ಲ. ಒಂದೊಂದು ರಾಜ್ಯಕ್ಕೆ ಎರಡು ಮೂರು ಹೆಸರುಗಳಿರುವುದೂ ಸಾಮಾನ್ಯ. ಆದ್ದರಿಂದ ಎರಡು ಪುಸ್ತಕಗಳ ಪಟ್ಟಿ ಹೊಂದಿಕೆಯಾಗದಿದ್ದರೆ ಒಂದು ತಪ್ಪೆಂದು ತೀರ್ಮಾನಿಸಬೇಕಾಗಿಲ್ಲ.

ಅತ್ಯಂತ ಹಳೆಯ ಪದರದ ಹೆಸರುಗಳು ದೇಶ ಹುಟ್ಟಿದ ಕಾಲಕ್ಕೆ ಸೇರಿದವು. ಬ್ರಿಟಿಷರಿಂದ ಬಿಡಿಸಿಕೊಂಡ ಹದಿಮೂರು ವಸಾಹತುಗಳಲ್ಲಿ ಹೊಸ ಸಂವಿಧಾನವನ್ನು ಮೊಟ್ಟಮೊದಲು ಅಂಗೀಕರಿಸಿದ್ದು ಡೆಲವೇರ್, 1787ರ ಡಿಸೆಂಬರ್ 7ರಂದು. ಅದರಿಂದ ಬಂದದ್ದು ‘ಫಸ್ಟ್ ಸ್ಟೇಟ್’ ಎಂಬ ಹೆಸರು. ಅದು ಅಧಿಕೃತವಾದದ್ದು ಮಾತ್ರ 2002ರಲ್ಲಿ, ಅದೂ ಒಂದು ಪ್ರಾಥಮಿಕ ಶಾಲೆಯ ಒಂದನೇ ತರಗತಿಯ ಮಕ್ಕಳು ಸಲ್ಲಿಸಿದ ಮನವಿಯ ಮೇರೆಗೆ. ಮೂರೇ ಮೂರು ಕೌಂಟಿಗಳಿರುವ, ಅಂದರೆ ಜಿಲ್ಲೆಗಳಿರುವ, ಈ ಪುಟ್ಟ ರಾಜ್ಯದಲ್ಲಿ ಇಂದು ಜನರಿಗಿಂತ ಹೆಚ್ಚು ಸಂಖ್ಯೆಯ ಕಂಪನಿಗಳು ನೋಂದಣಿಯಾಗಿವೆ ಎಂಬುದು ಅಡ್ಡಹೆಸರು ಹೇಳದ, ಆದರೆ ತಿಳಿದಿರಬೇಕಾದ ಸಂಗತಿ. ಪೆನ್ಸಿಲ್ವೇನಿಯಾದ ‘ಕೀಸ್ಟೋನ್ ಸ್ಟೇಟ್’ ಎಂಬ ಹೆಸರು ಕಟ್ಟಡದ ಕೆಲಸದಿಂದ ಬಂದದ್ದು. ಕಲ್ಲಿನ ಕಮಾನಿನ ನೆತ್ತಿಯಲ್ಲಿ ಕೂತು ಎರಡೂ ಬದಿಯ ಕಲ್ಲುಗಳನ್ನು ಹಿಡಿದು ನಿಲ್ಲಿಸುವ ನಡುಗಲ್ಲೇ ಕೀಸ್ಟೋನ್. ಭೂಪಟದಲ್ಲಿ ಎಣಿಸಿ ನೋಡಿದರೆ ಹದಿಮೂರು ರಾಜ್ಯಗಳಲ್ಲಿ ಪೆನ್ಸಿಲ್ವೇನಿಯಾದ ಉತ್ತರ ಮತ್ತು ಪೂರ್ವಕ್ಕೆ ಆರು, ದಕ್ಷಿಣಕ್ಕೆ ಆರು ಇವೆ. ಸ್ವಾತಂತ್ರ್ಯ ಘೋಷಣೆಗೂ ಸಂವಿಧಾನ ರಚನೆಗೂ ಎಡೆಯಾದ ಫಿಲಡೆಲ್ಫಿಯಾ ನಗರ ಇರುವುದೂ ಅಲ್ಲೇ.

ಸೌತ್ ಕೆರೊಲಿನಾದ ‘ಪಾಮೆಟ್ಟೊ ಸ್ಟೇಟ್’ ಎಂಬುದರ ಹಿಂದೆ ಒಂದು ಯುದ್ಧವಿದೆ. 1776ರ ಜೂನ್ 28ರಂದು ಚಾರ್ಲ್ಸ್‌ಟನ್ ಬಂದರಿನ ಬಾಯಲ್ಲಿರುವ ಸಲಿವನ್ಸ್ ದ್ವೀಪದ ಅರೆಕಟ್ಟಿದ ಕೋಟೆಯ ಮೇಲೆ ಬ್ರಿಟಿಷ್ ನೌಕೆಗಳು ಗುಂಡಿನ ಮಳೆಗರೆದಾಗ, ತಾಳೆ ಜಾತಿಗೆ ಸೇರಿದ ಪಾಮೆಟ್ಟೊ ಮರದ ದಿಮ್ಮಿಗಳಿಂದ ಕಟ್ಟಿದ್ದ ಗೋಡೆ ಸಿಡಿದು ಚೂರಾಗುವ ಬದಲು ಗುಂಡುಗಳನ್ನು ತನ್ನ ಮೆತ್ತನೆಯ ನಾರಿನೊಳಕ್ಕೆ ನುಂಗಿಕೊಂಡಿತು. ನೌಕಾಪಡೆ ಹಿಮ್ಮೆಟ್ಟಿತು. ಆ ಮರ ಇಂದಿಗೂ ರಾಜ್ಯದ ಧ್ವಜದ ಮೇಲಿದೆ. ಟೆಕ್ಸಾಸಿನ ‘ಲೋನ್ ಸ್ಟಾರ್’ ಎಂಬ ಒಂಟಿ ನಕ್ಷತ್ರವೂ ಹೀಗೆ ಧ್ವಜಕ್ಕೆ ಸೇರಿದ್ದು: 1836ರಲ್ಲಿ ಮೆಕ್ಸಿಕೋದಿಂದ ಬೇರೆಯಾದ ಟೆಕ್ಸಾಸ್, 1845ರ ಡಿಸೆಂಬರಿನಲ್ಲಿ ಒಕ್ಕೂಟಕ್ಕೆ ಸೇರುವವರೆಗೆ ಪ್ರತ್ಯೇಕ ಗಣರಾಜ್ಯವಾಗಿತ್ತು. ಆ ಗಣರಾಜ್ಯ 1839ರಲ್ಲಿ ಒಪ್ಪಿಕೊಂಡ ಧ್ವಜವೇ ಈಗಿನ ರಾಜ್ಯ ಧ್ವಜ.

ಉಳಿದ ರಾಜ್ಯಗಳು ಒಕ್ಕೂಟಕ್ಕೆ ಒಂದೊಂದಾಗಿ ಸೇರಿದ ರೀತಿಯನ್ನು ತಿಳಿಯದೆ ಮುಂದಿನ ಹೆಸರುಗಳು ಅರ್ಥವಾಗುವುದಿಲ್ಲ. ಪಶ್ಚಿಮದ ಹೆಚ್ಚಿನ ಪ್ರದೇಶಗಳು ಮೊದಲು ‘ಟೆರಿಟರಿ’ಗಳಾಗಿದ್ದವು, ಅಂದರೆ ಕೇಂದ್ರ ಸರ್ಕಾರದ ನೇರ ಆಡಳಿತಕ್ಕೆ ಒಳಪಟ್ಟಿದ್ದವು; ಜನಸಂಖ್ಯೆ ಬೆಳೆದು, ಸಂವಿಧಾನ ಬರೆದುಕೊಂಡು, ಕಾಂಗ್ರೆಸ್ಸಿನ, ಅಂದರೆ ಆ ದೇಶದ ಸಂಸತ್ತಿನ, ಒಪ್ಪಿಗೆ ಪಡೆದ ಮೇಲಷ್ಟೇ ಅವು ರಾಜ್ಯಗಳಾದವು. ರಾಜ್ಯವಾದ ಗಳಿಗೆಯೇ ಹೆಸರಾಗಿ ಉಳಿದದ್ದೂ ಉಂಟು. ಸ್ವಾತಂತ್ರ್ಯ ಘೋಷಣೆಗೆ ನೂರು ವರ್ಷ ತುಂಬಿದ 1876ರಲ್ಲಿ ಸೇರಿದ ಕೊಲರಾಡೊ ‘ಸೆಂಟೆನಿಯಲ್ ಸ್ಟೇಟ್’ ಆಯಿತು. ನೆವಾಡದ ಕಥೆ ಇನ್ನೂ ಕುತೂಹಲಕರವಾದದ್ದು. ಅಲ್ಲಿ 1859ರಲ್ಲಿ ಕಾಮ್‌ಸ್ಟಾಕ್ ಲೋಡ್ ಎಂಬ ಬೆಳ್ಳಿಯ ಮಹಾ ನಿಕ್ಷೇಪ ಪತ್ತೆಯಾಗಿ, ಮರುಭೂಮಿಯ ನಡುವೆ ವರ್ಜೀನಿಯಾ ಸಿಟಿಯಂತಹ ಪಟ್ಟಣಗಳು ಎದ್ದವು. 1864ರ ಅಕ್ಟೋಬರ್ 31ರಂದು, ಗುಲಾಮಗಿರಿಯ ಪ್ರಶ್ನೆಯ ಮೇಲೆ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆಯುತ್ತಿರುವಾಗಲೇ, ಅಧ್ಯಕ್ಷೀಯ ಚುನಾವಣೆಗೆ ಎಂಟು ದಿನ ಮೊದಲು ಅದನ್ನು ರಾಜ್ಯವೆಂದು ಘೋಷಿಸಲಾಯಿತು. ಅವಸರ ಎಷ್ಟಿತ್ತೆಂದರೆ ಹೊಸ ರಾಜ್ಯದ ಸಂವಿಧಾನವನ್ನು ಪೂರ್ತಿಯಾಗಿ ಟೆಲಿಗ್ರಾಫ್ ಮೂಲಕವೇ ವಾಷಿಂಗ್ಟನ್ನಿಗೆ ಕಳುಹಿಸಬೇಕಾಯಿತು. ಯುದ್ಧಕ್ಕೆ ಬೆಳ್ಳಿಯ ಹಣ ಬೇಕೆಂದು ಹೀಗೆ ಮಾಡಿದರೆಂಬ ಮಾತು ಪ್ರಚಾರದಲ್ಲಿದೆ. ಆದರೆ ಟೆರಿಟರಿಯಾಗಿದ್ದಾಗಲೂ ಆ ಬೆಳ್ಳಿ ಉತ್ತರದವರ ಕೈಯಲ್ಲೇ ಇತ್ತು. ಆಗಿನ ಅಧ್ಯಕ್ಷ ಏಬ್ರಹಾಂ ಲಿಂಕನ್ ಅವರ ಪಕ್ಷಕ್ಕೆ ಬೇಕಾಗಿದ್ದದ್ದು ಚುನಾವಣೆಯಲ್ಲಿಯೂ, ಗುಲಾಮಗಿರಿಯನ್ನು ಕೊನೆಗೊಳಿಸುವ ಸಂವಿಧಾನ ತಿದ್ದುಪಡಿಗೂ ಮತಗಳು ಎಂಬುದೇ ಹೆಚ್ಚು ಸಮಂಜಸವಾದ ವಿವರಣೆ. ನೆವಾಡದ ಧ್ವಜದ ಮೇಲಿರುವ ‘ಬ್ಯಾಟಲ್ ಬಾರ್ನ್’, ಯುದ್ಧದಲ್ಲಿ ಹುಟ್ಟಿದ್ದು, ಎಂಬ ಪದಗಳು ಬೆಳ್ಳಿಯ ಹೆಸರಿಗಿಂತ ಈ ಸಂಗತಿಯನ್ನು ನೇರವಾಗಿ ಹೇಳುತ್ತವೆ.

ಬೈಗುಳವಾಗಿ ಹುಟ್ಟಿ ಹೆಮ್ಮೆಯಾಗಿ ಬೆಳೆದ ಹೆಸರುಗಳದು ಇನ್ನೊಂದು ಗುಂಪು. ನಾರ್ತ್ ಕೆರೊಲಿನಾದ ಪೈನ್ ಕಾಡುಗಳಲ್ಲಿ ಮರದ ಹಡಗುಗಳಿಗೆ ಬಳಿಯುವ ಟಾರು ಮತ್ತು ರಾಳ ತಯಾರಾಗುತ್ತಿತ್ತು. ಆ ಕೆಲಸದ ಬಡವರ ಹಿಮ್ಮಡಿಗೆ ಟಾರು ಮೆತ್ತಿಕೊಂಡಿರುತ್ತದೆ ಎಂಬ ಕೀಳು ಮಾತು ‘ಟಾರ್ ಹೀಲ್’. ಅಂತರ್ಯುದ್ಧದ ಹೊತ್ತಿಗೆ ಅಲ್ಲಿನ ಸೈನಿಕರು ಕದಲದೆ ನಿಲ್ಲುವವರು ಎಂಬ ಅರ್ಥದಲ್ಲಿ ಅದನ್ನೇ ತಮ್ಮ ಹೆಸರಾಗಿ ಹೇಳಿಕೊಳ್ಳತೊಡಗಿದರು. ವಿಸ್ಕಾನ್ಸಿನ್‌ನಲ್ಲಿ ಸೀಸದ ಗಣಿಗಳಿಗೆ 1820ರ ದಶಕದಲ್ಲಿ ಬಂದ ಕೂಲಿಗಾರರು ಮನೆ ಕಟ್ಟಿಕೊಳ್ಳಲು ಬಿಡುವಿಲ್ಲದೆ ಗುಡ್ಡದ ಮಗ್ಗುಲಲ್ಲಿ ಬಿಲ ತೋಡಿ ಚಳಿಗಾಲ ಕಳೆದರು. ಬಿಲ ತೋಡುವ ಪ್ರಾಣಿಯಾದ ಬ್ಯಾಡ್ಜರ್‌ನ ಹೆಸರು ಅವರಿಗೂ ಆಮೇಲೆ ರಾಜ್ಯಕ್ಕೂ ಅಂಟಿತು. ಮಿಸ್ಸೌರಿಯ ‘ಶೋ ಮಿ’, ತೋರಿಸಿದರೆ ಮಾತ್ರ ನಂಬುತ್ತೇವೆ, ಎಂಬುದನ್ನು ಅಲ್ಲಿನ ಕಾಂಗ್ರೆಸ್ ಸದಸ್ಯ ವಿಲ್ಲರ್ಡ್ ವ್ಯಾಂಡಿವರ್ 1899ರಲ್ಲಿ ಫಿಲಡೆಲ್ಫಿಯಾದ ಒಂದು ಔತಣಕೂಟದ ಭಾಷಣದಲ್ಲಿ ಹೇಳಿ ಪ್ರಸಿದ್ಧಿಗೆ ತಂದರು. ಅದಕ್ಕೂ ಮೊದಲೇ ಕೊಲರಾಡೊದ ಗಣಿಗಳಲ್ಲಿ, ಹೊಸದಾಗಿ ಬಂದ ಮಿಸ್ಸೌರಿ ಕೆಲಸಗಾರರಿಗೆ ಎಲ್ಲವನ್ನೂ ತೋರಿಸಿಕೊಡಬೇಕು ಎಂದು ಮೂದಲಿಸಲು ಇದನ್ನು ಬಳಸುತ್ತಿದ್ದರು ಎಂಬ ಇನ್ನೊಂದು ವಿವರಣೆಯೂ ಇದೆ. ಇಂಡಿಯಾನದ ‘ಹೂಸಿಯರ್’ ಎಂಬ ಹೆಸರಿನ ಮೂಲವನ್ನಂತೂ ವಿದ್ವಾಂಸರು ಇದುವರೆಗೂ ಇತ್ಯರ್ಥ ಮಾಡಿಲ್ಲ. ಆ ರಾಜ್ಯದ ಜನ ಮಾತ್ರ ಅದನ್ನು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ.

ಈ ಗುಂಪಿನಲ್ಲಿ ನನಗೆ ಅತ್ಯಂತ ಗಂಭೀರವಾಗಿ ಕಾಣುವುದು ಒಕ್ಲಹೋಮಾದ ‘ಸೂನರ್ ಸ್ಟೇಟ್’. 1830ರ ಇಂಡಿಯನ್ ತೆರವು ಕಾಯ್ದೆಯ ನಂತರ ಚೆರೊಕೀ, ಚಾಕ್ಟಾ, ಚಿಕಸಾ, ಕ್ರೀಕ್, ಸೆಮಿನೋಲ್ ಮೂಲನಿವಾಸಿ ಜನಾಂಗಗಳನ್ನು ಆಗ್ನೇಯದ ಅವರ ತವರು ನೆಲದಿಂದ ಬಲವಂತವಾಗಿ ಎಬ್ಬಿಸಿ ಪಶ್ಚಿಮದ ಈ ಪ್ರದೇಶಕ್ಕೆ ಸಾಗಿಸಲಾಯಿತು; 1838-39ರಲ್ಲಿ ಚೆರೊಕೀಯರು ನಡೆದ ದಾರಿಗೆ ‘ಕಣ್ಣೀರಿನ ಹಾದಿ’ ಎಂಬ ಹೆಸರು ಬಂದದ್ದು ಆ ಪ್ರಯಾಣದಲ್ಲಿ ಸಾವಿರಾರು ಮಂದಿ ಹಸಿವು, ಚಳಿ, ರೋಗಗಳಿಗೆ ಬಲಿಯಾದ ಕಾರಣಕ್ಕೆ. ಇನ್ನು ಈ ನೆಲ ನಿಮ್ಮದೇ ಎಂಬ ಭರವಸೆಯ ಮೇಲೆ ಬಂದವರ ನಡುವೆ, ಯಾವ ಜನಾಂಗಕ್ಕೂ ಹಂಚದೆ ಉಳಿದಿದ್ದ ಸುಮಾರು 20 ಲಕ್ಷ ಎಕರೆ ಭೂಮಿಯನ್ನು 1889ರ ಏಪ್ರಿಲ್ 22ರ ಮಧ್ಯಾಹ್ನ ಬಿಳಿಯ ವಲಸಿಗರಿಗೆ ತೆರೆಯಲಾಯಿತು. ಗಡಿಯಲ್ಲಿ ಸಾಲುಗಟ್ಟಿ ನಿಂತ ಸುಮಾರು 50 ಸಾವಿರ ಜನ ಹನ್ನೆರಡು ಗಂಟೆಯ ಸಂಕೇತ ಸಿಕ್ಕ ಕೂಡಲೇ ಕುದುರೆ, ಗಾಡಿಗಳಲ್ಲಿ ನುಗ್ಗಿ, ಮೊದಲು ಮುಟ್ಟಿದ ತುಂಡಿಗೆ ಗೂಟ ನೆಟ್ಟು ಹಕ್ಕು ಸಾಧಿಸಿದರು. ನಿಗದಿತ ಹೊತ್ತಿಗೆ ಮುಂಚೆಯೇ ಕದ್ದು ಒಳನುಸುಳಿ ಒಳ್ಳೆಯ ಜಾಗ ಹಿಡಿದು ಕೂತವರೇ ‘ಸೂನರ್’ಗಳು. ಕಾನೂನಿನ ಪ್ರಕಾರ ಅಂಥವರಿಗೆ ಭೂಮಿಯ ಹಕ್ಕು ಇರಲಿಲ್ಲ, ಹೆಸರೂ ಮೊದಲು ಬೈಗುಳವಾಗಿಯೇ ಇತ್ತು. ಒಕ್ಲಹೋಮಾ 1907ರಲ್ಲಿ 46ನೆಯ ರಾಜ್ಯವಾಯಿತು. ಮರುವರ್ಷ ರಾಜ್ಯದ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಅದನ್ನು ತನ್ನ ಹೆಸರಾಗಿ ಮಾಡಿಕೊಂಡಿತು, ಕ್ರೀಡಾಂಗಣದ ಕೂಗಿನ ಮೂಲಕ ಅದು ಇಡೀ ರಾಜ್ಯದ ಹೆಸರಾಯಿತು. ಬಹುಕಾಲ ಅದೇ ರಾಜ್ಯದ ನಂಬರ್ ಪ್ಲೇಟುಗಳ ಮೇಲೆ ‘ನೇಟಿವ್ ಅಮೆರಿಕ’, ಮೂಲನಿವಾಸಿಗಳ ಅಮೆರಿಕ, ಎಂಬ ಬರಹವೂ ಇತ್ತು. ರಾಜ್ಯದ ಪೂರ್ವ ಭಾಗದಲ್ಲಿ ಕ್ರೀಕ್ ಜನಾಂಗಕ್ಕೆ ಬಿಟ್ಟುಕೊಟ್ಟಿದ್ದ ಪ್ರದೇಶ ಕ್ರಿಮಿನಲ್ ಕಾನೂನಿನ ಮಟ್ಟಿಗೆ ಇಂದಿಗೂ ಅವರ ಮೀಸಲು ಪ್ರದೇಶವೇ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪು ನೀಡಿದೆ. ಒಂದೇ ಪದದ ಅಡ್ಡಹೆಸರಿನ ಕೆಳಗೆ ಇಷ್ಟು ದೀರ್ಘವಾದ, ಇನ್ನೂ ಮುಗಿಯದ ವ್ಯಾಜ್ಯವಿದೆ.

ವಯೋಮಿಂಗ್‌ನ ‘ಈಕ್ವಾಲಿಟಿ ಸ್ಟೇಟ್’, ಸಮಾನತೆಯ ರಾಜ್ಯ, ಎಂಬ ಹೆಸರು ಹೆಮ್ಮೆಪಡಲು ಯೋಗ್ಯವಾದದ್ದು. ಅದು ಇನ್ನೂ ಟೆರಿಟರಿಯಾಗಿದ್ದಾಗ, 1869ರ ಡಿಸೆಂಬರ್ 10ರಂದು, ಮಹಿಳೆಯರಿಗೆ ಮತ ಚಲಾಯಿಸುವ ಮತ್ತು ಅಧಿಕಾರ ಸ್ಥಾನ ವಹಿಸುವ ಹಕ್ಕನ್ನು ಕೊಡುವ ಕಾಯ್ದೆಗೆ ಗವರ್ನರ್ ಸಹಿ ಹಾಕಿದರು. ಇಡೀ ದೇಶಕ್ಕೆ ಅನ್ವಯವಾಗುವ ಹತ್ತೊಂಬತ್ತನೆಯ ತಿದ್ದುಪಡಿ ಬಂದದ್ದು ಅರ್ಧ ಶತಮಾನದ ನಂತರ, 1920ರಲ್ಲಿ. ಕಾಯ್ದೆ ತಂದವರ ಉದ್ದೇಶಗಳು ಬೆರಕೆಯವು. ಗಂಡಸರ ಸಂಖ್ಯೆ ಹೆಂಗಸರಿಗಿಂತ ಹಲವು ಪಟ್ಟು ಹೆಚ್ಚಿದ್ದ ಆ ಪ್ರದೇಶಕ್ಕೆ ಕುಟುಂಬಗಳನ್ನು ಸೆಳೆಯುವ ಪ್ರಚಾರದ ಆಸೆ ಇತ್ತು, ವಿರೋಧ ಪಕ್ಷದ ಗವರ್ನರನ್ನು ಇಕ್ಕಟ್ಟಿಗೆ ಸಿಕ್ಕಿಸುವ ರಾಜಕೀಯವಿತ್ತು, ನಿಜವಾದ ನಂಬಿಕೆಯೂ ಕೆಲವರಲ್ಲಿತ್ತು. ಏನೇ ಇರಲಿ, ಕೊಟ್ಟ ಹಕ್ಕನ್ನು ಅವರು ಹಿಂದಕ್ಕೆ ಪಡೆಯಲಿಲ್ಲ. 1890ರಲ್ಲಿ ರಾಜ್ಯವಾದಾಗ ಅದನ್ನು ಸಂವಿಧಾನದಲ್ಲೇ ಉಳಿಸಿಕೊಂಡರು. ಹಿಂದಕ್ಕೆ ಪಡೆಯಲಿಲ್ಲ ಎಂಬುದು ಸಣ್ಣ ಮಾತಲ್ಲ: ಆಸ್ತಿಯುಳ್ಳ ಮಹಿಳೆಯರು ನ್ಯೂಜೆರ್ಸಿಯಲ್ಲಿ 1776ರ ಸಂವಿಧಾನದ ಅಡಿಯಲ್ಲೇ ಮತ ಹಾಕುತ್ತಿದ್ದರು, 1807ರಲ್ಲಿ ಅಲ್ಲಿನ ಶಾಸನಸಭೆ ಆ ಹಕ್ಕನ್ನು ಕಿತ್ತುಕೊಂಡಿತ್ತು. ದೇಶದ ಮೊದಲ ಮಹಿಳಾ ಗವರ್ನರ್ ನೆಲ್ಲಿ ಟೇಲೊ ರಾಸ್ ಅಧಿಕಾರ ವಹಿಸಿಕೊಂಡದ್ದೂ ವಯೋಮಿಂಗ್‌ನಲ್ಲಿ, 1925ರಲ್ಲಿ.

ಇಪ್ಪತ್ತನೆಯ ಶತಮಾನದಲ್ಲಿ ಅಡ್ಡಹೆಸರುಗಳ ಭವಿಷ್ಯವನ್ನು ಮೋಟಾರು ವಾಹನ ಬದಲಿಸಿತು. ನಂಬರ್ ಪ್ಲೇಟನ್ನು ವಿನ್ಯಾಸಗೊಳಿಸಿ ವಿತರಿಸುವುದು ಅಲ್ಲಿ ಆಯಾ ರಾಜ್ಯ ಸರ್ಕಾರದ ಕೆಲಸವಾದ್ದರಿಂದ, ಸಂಖ್ಯೆಯ ಮೇಲೆ ಅಥವಾ ಕೆಳಗೆ ಒಂದು ಸಾಲು ಬರೆಯಲು ಜಾಗ ಸಿಕ್ಕಿತು. ಲಕ್ಷಾಂತರ ವಾಹನಗಳು ಆ ಸಾಲನ್ನು ದೇಶದುದ್ದಕ್ಕೂ ಹೊತ್ತೊಯ್ದವು. ಅದರಿಂದಲೇ ಏನು ಬರೆಯಬೇಕು ಎಂಬುದು ವಾದದ ವಿಷಯವಾಯಿತು. ನ್ಯೂಜೆರ್ಸಿಯ ‘ಗಾರ್ಡನ್ ಸ್ಟೇಟ್’ ಎಂಬ ಹೆಸರನ್ನು 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಏಬ್ರಹಾಂ ಬ್ರೌನಿಂಗ್ ಎಂಬ ವಕೀಲರು ಬಳಸಿದರೆಂದು ಪ್ರತೀತಿ. ತಿನ್ನುವ ಪದಾರ್ಥಗಳಿಂದ ತುಂಬಿ ಎರಡೂ ತುದಿ ತೆರೆದಿರುವ ಪೀಪಾಯಿ ತಮ್ಮ ರಾಜ್ಯ, ಒಂದು ತುದಿಯಿಂದ ಪೆನ್ಸಿಲ್ವೇನಿಯಾದವರೂ ಇನ್ನೊಂದು ತುದಿಯಿಂದ ನ್ಯೂಯಾರ್ಕಿನವರೂ ಬಾಚಿಕೊಳ್ಳುತ್ತಿದ್ದಾರೆ ಎಂದು ಅವರು ಬಣ್ಣಿಸಿದರಂತೆ. ಎರಡು ಮಹಾನಗರಗಳ ನಡುವೆ ತರಕಾರಿ ಬೆಳೆಯುತ್ತಿದ್ದ ರಾಜ್ಯಕ್ಕೆ ಆಗ ಅದು ಸರಿಯಾದ ವರ್ಣನೆಯೇ. 1954ರಲ್ಲಿ ಶಾಸನಸಭೆ ಈ ಹೆಸರನ್ನು ನಂಬರ್ ಪ್ಲೇಟಿಗೆ ಹಾಕಲು ಮಸೂದೆ ತಂದಾಗ, ಕಾರ್ಖಾನೆಗಳೂ ಬಡಾವಣೆಗಳೂ ತುಂಬಿದ್ದ ರಾಜ್ಯದ ಜನ ತಮ್ಮನ್ನು ಬೇರೆ ಉದ್ಯೋಗಗಳಿಗಿಂತ ತೋಟಗಾರಿಕೆಯೊಂದಿಗೇ ಹೆಚ್ಚಾಗಿ ಗುರುತಿಸಿಕೊಳ್ಳುತ್ತಾರೆ ಎಂಬುದನ್ನು ತಾವು ನಂಬುವುದಿಲ್ಲ ಎಂದು ಗವರ್ನರ್ ರಾಬರ್ಟ್ ಮೈನರ್ ಅದನ್ನು ತಿರಸ್ಕರಿಸಿದರು; ಶಾಸನಸಭೆ ಅವರ ತಿರಸ್ಕಾರವನ್ನು ಮೀರಿ ಮಸೂದೆಯನ್ನು ಕಾಯ್ದೆ ಮಾಡಿತು. ಇಂದು ನ್ಯೂಜೆರ್ಸಿ ಐವತ್ತು ರಾಜ್ಯಗಳಲ್ಲಿ ಅತ್ಯಂತ ಜನನಿಬಿಡ, ಚದರ ಕಿಲೋಮೀಟರಿಗೆ ಸುಮಾರು 490 ಜನ. ಅಲ್ಲಿ ನೆಲೆಸಿರುವ ಕನ್ನಡಿಗರ ಸಂಘಕ್ಕೆ ‘ಬೃಂದಾವನ’ ಎಂಬ ಹೆಸರಿರುವುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

ನಂಬರ್ ಪ್ಲೇಟಿನ ಮೇಲಿನ ಹೆಸರು ಹಕ್ಕುಸಾಧನೆಯೂ ಆಗಬಲ್ಲದು. ಇಲಿನಾಯ್ ‘ಲಿಂಕನ್ನರ ನಾಡು’ ಎಂಬುದನ್ನು 1955ರಲ್ಲಿ ಅಧಿಕೃತಗೊಳಿಸಿತು. ಆದರೆ ಏಬ್ರಹಾಂ ಲಿಂಕನ್ ಹುಟ್ಟಿದ್ದು ಕೆಂಟಕಿಯಲ್ಲಿ, 1809ರಲ್ಲಿ. ಬಾಲ್ಯ ಕಳೆದದ್ದು ಇಂಡಿಯಾನದಲ್ಲಿ. ಇಲಿನಾಯ್‌ಗೆ ಬಂದದ್ದು 1830ರಲ್ಲಿ. ವಕೀಲರಾಗಿ, ರಾಜಕಾರಣಿಯಾಗಿ ಅವರು ಬೆಳೆದದ್ದು ಅಲ್ಲೇ ಎಂಬುದು ಆ ರಾಜ್ಯದ ವಾದ. ವಿಮಾನದ ವಿಷಯದಲ್ಲಿ ಸ್ಪರ್ಧೆ ಇನ್ನೂ ಬಿರುಸು. ರೈಟ್ ಸಹೋದರರು 1903ರ ಡಿಸೆಂಬರ್ 17ರಂದು ಹಾರಾಟ ನಡೆಸಿದ್ದು ನಾರ್ತ್ ಕೆರೊಲಿನಾದ ಕಿಟ್ಟಿ ಹಾಕ್ ಬಳಿಯ ಮರಳದಿಬ್ಬಗಳಲ್ಲಿ, ಆದ್ದರಿಂದ ಆ ರಾಜ್ಯದ ಪ್ಲೇಟಿನ ಮೇಲೆ ‘ಫಸ್ಟ್ ಇನ್ ಫ್ಲೈಟ್’. ಅವರು ವಿಮಾನವನ್ನು ಚಿಂತಿಸಿ, ಲೆಕ್ಕ ಹಾಕಿ, ಕಟ್ಟಿದ್ದು ಒಹಾಯೊದ ಡೇಟನ್ ನಗರದಲ್ಲಿ, ಆದ್ದರಿಂದ ಅಲ್ಲಿ ‘ಬರ್ತ್‌ಪ್ಲೇಸ್ ಆಫ್ ಏವಿಯೇಷನ್’. ಎರಡೂ ನಿಜ. ಆದರೆ ಕನೆಕ್ಟಿಕಟ್ 2013ರಲ್ಲಿ ಕಾಯ್ದೆಯನ್ನೇ ಮಾಡಿ, ಮೊದಲು ಹಾರಿದ್ದು ತನ್ನ ರಾಜ್ಯದಲ್ಲಿದ್ದ ಗುಸ್ಟಾವ್ ವೈಟ್‌ಹೆಡ್ ಎಂದು ಸಾರಿದ್ದನ್ನು ವಿಮಾನಯಾನದ ಇತಿಹಾಸಕಾರರಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ. ಶಾಸನಸಭೆಯ ಬಹುಮತದಿಂದ ಇತಿಹಾಸದ ಪ್ರಶ್ನೆ ತೀರ್ಮಾನವಾಗದು ಎಂದೇ ನನ್ನ ಅಭಿಪ್ರಾಯ.

ಹೆಸರುಗಳು ಬದಲಾಗುತ್ತವೆ ಎಂಬುದನ್ನು ಪಟ್ಟಿಗಳು ಮರೆಸುತ್ತವೆ. ಮರವೇ ಅಪರೂಪವಾಗಿದ್ದ ಹುಲ್ಲುಗಾವಲಿನ ನೆಬ್ರಾಸ್ಕಾದಲ್ಲಿ 1872ರಲ್ಲಿ ಸಸಿ ನೆಡುವ ದಿನಾಚರಣೆ ಪ್ರಾರಂಭವಾಯಿತು, ಅದರ ಅಭಿಮಾನದಲ್ಲಿ 1895ರಲ್ಲಿ ರಾಜ್ಯ ತನ್ನನ್ನು ‘ಮರ ನೆಡುವವರ ರಾಜ್ಯ’ ಎಂದು ಕರೆದುಕೊಂಡಿತು. ವಿಶ್ವವಿದ್ಯಾಲಯದ ಕ್ರೀಡಾ ತಂಡದ ಹೆಸರು ಜನಪ್ರಿಯವಾದಂತೆ 1945ರಲ್ಲಿ ಅದನ್ನು ಬಿಟ್ಟು, ಮೆಕ್ಕೆಜೋಳದ ತೆನೆ ಸುಲಿಯುವವರು ಎಂಬರ್ಥದ ‘ಕಾರ್ನ್‌ಹಸ್ಕರ್’ ಎಂಬುದನ್ನು ಒಪ್ಪಿಕೊಂಡಿತು. ಆರ್ಕನ್ಸಾ 1923ರಲ್ಲಿ ‘ಅದ್ಭುತಗಳ ರಾಜ್ಯ’, 1953ರಲ್ಲಿ ಕೈಗಾರಿಕೆಗಳನ್ನು ಕರೆಯುವ ಆಸೆಯಿಂದ ‘ಅವಕಾಶಗಳ ನಾಡು’, 1995ರಲ್ಲಿ ಪ್ರವಾಸಿಗರನ್ನು ಕರೆಯುವ ಆಸೆಯಿಂದ ‘ನ್ಯಾಚುರಲ್ ಸ್ಟೇಟ್’. ಮೂರು ಹೆಸರುಗಳಲ್ಲಿ ಆ ರಾಜ್ಯದ ಆರ್ಥಿಕ ನಿರೀಕ್ಷೆಗಳು ಕಾಣುತ್ತವೆ. ಸೌತ್ ಡಕೋಟಾ ಫ್ಲಾರಿಡಾದಂತೆಯೇ ‘ಸನ್‌ಶೈನ್ ಸ್ಟೇಟ್’ ಆಗಿತ್ತು. 1992ರಲ್ಲಿ ಅದನ್ನು ಬಿಟ್ಟುಕೊಟ್ಟು ನಾಲ್ವರು ಅಧ್ಯಕ್ಷರ ಮುಖಗಳನ್ನು ಬಂಡೆಯಲ್ಲಿ ಕೆತ್ತಿರುವ ‘ಮೌಂಟ್ ರಶ್‌ಮೋರ್’ ಹೆಸರಿಗೆ ಬದಲಾಯಿತು. ಎರಡು ಡಕೋಟಾಗಳ ಕ್ರಮಸಂಖ್ಯೆಯನ್ನು ಕೇಳುವ ಕ್ವಿಜ್ ಪ್ರಶ್ನೆಗೆ ಖಚಿತ ಉತ್ತರವಿಲ್ಲ ಎಂಬುದೂ ಇಲ್ಲಿ ಹೇಳಬೇಕಾದ ಮಾತು: 1889ರ ನವೆಂಬರ್ 2ರಂದು ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಎರಡೂ ಘೋಷಣೆಗಳ ಹಾಳೆಗಳನ್ನು ಕಲಸಿ, ಮೊದಲ ಸಹಿ ಯಾವುದಕ್ಕೆ ಬಿತ್ತೆಂದು ಯಾರಿಗೂ ತಿಳಿಯದಂತೆ ಸಹಿ ಹಾಕಿದರು. ಅಕ್ಷರಕ್ರಮದಂತೆ ನಾರ್ತ್ ಡಕೋಟಾವನ್ನು 39ನೆಯದು, ಸೌತ್ ಡಕೋಟಾವನ್ನು 40ನೆಯದು ಎಂದು ಎಣಿಸುವುದು ರೂಢಿಯಷ್ಟೇ.

ಹೆಸರು ಉಳಿದು, ಅದು ಸೂಚಿಸುವ ಜೀವಿಯೇ ಮರೆಯಾದ ಸಂದರ್ಭ ಲೂಸಿಯಾನದ್ದು. ಮಿಸಿಸಿಪ್ಪಿ ನದಿ ಸಮುದ್ರ ಸೇರುವ ಜೌಗು ಪ್ರದೇಶದ ಈ ರಾಜ್ಯ ‘ಪೆಲಿಕನ್ ಸ್ಟೇಟ್’, ಅಂದರೆ ಹೆಜ್ಜಾರ್ಲೆ ಹಕ್ಕಿಯ ರಾಜ್ಯ. ಅದರ ಮುದ್ರೆಯಲ್ಲೂ ಧ್ವಜದಲ್ಲೂ ಮರಿಗಳಿಗೆ ತನ್ನ ಎದೆಯ ರಕ್ತವನ್ನೇ ಉಣಿಸುವ ತಾಯಿ ಪೆಲಿಕನ್ ಇದೆ. ಕೃಷಿಭೂಮಿಯಿಂದ ಹರಿದುಬಂದ ಕೀಟನಾಶಕಗಳು ಮೀನುಗಳ ಮೂಲಕ ಹಕ್ಕಿಯ ದೇಹ ಸೇರಿದವು. ಎಂಡ್ರಿನ್ ಎಂಬ ಕೀಟನಾಶಕ ಹಕ್ಕಿಗಳನ್ನು ನೇರವಾಗಿ ಕೊಂದರೆ, ಡಿಡಿಟಿ ಮೊಟ್ಟೆಯ ಚಿಪ್ಪನ್ನು ತೆಳುವಾಗಿಸಿ ಕಾವು ಕೊಡುವ ತಾಯಿಯ ಭಾರಕ್ಕೇ ಒಡೆಯುವಂತೆ ಮಾಡಿತು. 1960ರ ದಶಕದ ಆರಂಭದ ಹೊತ್ತಿಗೆ ಆ ರಾಜ್ಯದಲ್ಲಿ ಗೂಡು ಕಟ್ಟುವ ಕಂದು ಪೆಲಿಕನ್‌ಗಳು ಇಲ್ಲವಾದವು. 1966ರಲ್ಲಿ ಶಾಸನಸಭೆ ಕಂದು ಪೆಲಿಕನ್ನನ್ನು ರಾಜ್ಯ ಪಕ್ಷಿಯೆಂದು ಘೋಷಿಸಿದಾಗ ರಾಜ್ಯದಲ್ಲಿ ಆ ಪಕ್ಷಿಯ ಸಂಸಾರವಿರಲಿಲ್ಲ. 1968ರಿಂದ ಫ್ಲಾರಿಡಾದಿಂದ ಮರಿಗಳನ್ನು ತಂದು ಬಿಡಲಾಯಿತು, 1972ರಲ್ಲಿ ದೇಶ ಡಿಡಿಟಿಯನ್ನು ನಿಷೇಧಿಸಿತು, ಹಕ್ಕಿಗಳು ನಿಧಾನವಾಗಿ ಮತ್ತೆ ನೆಲೆಯೂರಿದವು. 2009ರಲ್ಲಿ ಕಂದು ಪೆಲಿಕನ್ ಅಳಿವಿನಂಚಿನ ಜೀವಿಗಳ ಪಟ್ಟಿಯಿಂದ ಹೊರಬಂತು. ಮರುವರ್ಷವೇ ಮೆಕ್ಸಿಕೋ ಕೊಲ್ಲಿಯ ತೈಲ ಸೋರಿಕೆ ಅದೇ ತೀರವನ್ನು ಮುತ್ತಿತು. ಹೆಸರನ್ನು ಉಳಿಸಿಕೊಳ್ಳಲು ಒಂದು ಸರ್ಕಾರ ಇಷ್ಟು ದುಡಿಯಬೇಕಾಗಿ ಬಂದ ಇನ್ನೊಂದು ಉದಾಹರಣೆ ಈ ಐವತ್ತರಲ್ಲಿ ನನಗೆ ಕಂಡಿಲ್ಲ.

ಹೊರಗಿನವರ ಕಣ್ಣಿನಿಂದ ಇಟ್ಟ ಹೆಸರುಗಳನ್ನು ಎಚ್ಚರಿಕೆಯಿಂದ ಓದಬೇಕು. ವಾಷಿಂಗ್ಟನ್ ರಾಜ್ಯಕ್ಕೆ ‘ಎವರ್‌ಗ್ರೀನ್’, ನಿತ್ಯಹಸಿರಿನ, ಹೆಸರು ಕೊಟ್ಟವರು ಸಿಯಾಟಲ್‌ನ ಒಬ್ಬ ಜಮೀನು ವ್ಯಾಪಾರಿ. ಮಳೆ ಸುರಿಯುವ ಪಶ್ಚಿಮ ಭಾಗಕ್ಕೆ ಅದು ಒಪ್ಪುತ್ತದೆ, ಕ್ಯಾಸ್ಕೇಡ್ ಪರ್ವತಗಳ ಪೂರ್ವದ ಒಣನಾಡಿಗೆ ಒಪ್ಪುವುದಿಲ್ಲ. ರಷ್ಯಾದಿಂದ 1867ರಲ್ಲಿ 72 ಲಕ್ಷ ಡಾಲರಿಗೆ ಕೊಂಡ ಅಲಾಸ್ಕಾವನ್ನು ‘ಕೊನೆಯ ಗಡಿನಾಡು’ ಎನ್ನುವುದು ದಕ್ಷಿಣದಿಂದ ಅಲ್ಲಿಗೆ ಹೋದವರ ದೃಷ್ಟಿ. ಸಾವಿರಾರು ವರ್ಷಗಳಿಂದ ಅಲ್ಲೇ ಬಾಳಿದವರಿಗೆ ಅದು ಗಡಿಯಲ್ಲ, ಮನೆ. ಹವಾಯಿಯ ‘ಅಲೋಹಾ ಸ್ಟೇಟ್’ ಸ್ಥಳೀಯ ಭಾಷೆಯ ಪ್ರೀತಿಯ ಮಾತನ್ನೇ ಬಳಸುತ್ತದೆ. ಆದರೆ 1893ರಲ್ಲಿ ರಾಣಿ ಲಿಲಿಉಓಕಲಾನಿಯನ್ನು ಪದಚ್ಯುತಗೊಳಿಸಿ, 1898ರಲ್ಲಿ ದ್ವೀಪಗಳನ್ನು ವಶಪಡಿಸಿಕೊಂಡ ಮೇಲೆ ಅವು 1959ರಲ್ಲಿ ರಾಜ್ಯವಾದವು ಎಂಬುದನ್ನೂ, ಆ ಪದಚ್ಯುತಿಗಾಗಿ ಅಮೆರಿಕದ ಕಾಂಗ್ರೆಸ್ 1993ರಲ್ಲಿ ಕ್ಷಮೆ ಕೋರಿತು ಎಂಬುದನ್ನೂ ಆ ಹೆಸರಿನ ಜೊತೆಗೆ ತಿಳಿದಿರಬೇಕು.

ಅಡ್ಡಹೆಸರಿನ ಪಕ್ಕದಲ್ಲಿ ಬರೆದುಕೊಳ್ಳುವ ಮೂಲ ವಿವರಗಳ ಬಗ್ಗೆ ಎರಡು ಮಾತು ಸಾಕು. ಗಾತ್ರದ ಅಂತರ ಅಗಾಧ: ಅಲಾಸ್ಕಾದ ವಿಸ್ತೀರ್ಣ ಸುಮಾರು 17.2 ಲಕ್ಷ ಚದರ ಕಿಲೋಮೀಟರ್, ಅಂದರೆ ಒಂಬತ್ತು ಕರ್ನಾಟಕಗಳಷ್ಟು; ಅತ್ಯಂತ ಚಿಕ್ಕದಾದ ರೋಡ್ ಐಲೆಂಡ್ ನೀರಿನ ಭಾಗವನ್ನೂ ಸೇರಿಸಿ ನಮ್ಮ ಕೊಡಗು ಜಿಲ್ಲೆಯಷ್ಟಿದೆ. 2020ರ ಜನಗಣತಿಯಂತೆ ಕ್ಯಾಲಿಫೋರ್ನಿಯಾದಲ್ಲಿ 3.95 ಕೋಟಿ, ವಯೋಮಿಂಗ್‌ನಲ್ಲಿ 5.77 ಲಕ್ಷ ಜನ. ಆದರೂ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಎರಡೂ ರಾಜ್ಯಗಳಿಗೆ ಎರಡೆರಡೇ ಸ್ಥಾನ. ರಾಜಧಾನಿ ಅನೇಕ ಕಡೆ ದೊಡ್ಡ ನಗರವಲ್ಲ. ನ್ಯೂಯಾರ್ಕಿಗೆ ಆಲ್ಬನಿ, ಪೆನ್ಸಿಲ್ವೇನಿಯಾಕ್ಕೆ ಹ್ಯಾರಿಸ್‌ಬರ್ಗ್, ಇಲಿನಾಯ್‌ಗೆ ಸ್ಪ್ರಿಂಗ್‌ಫೀಲ್ಡ್, ಕ್ಯಾಲಿಫೋರ್ನಿಯಾಕ್ಕೆ ಸ್ಯಾಕ್ರಮೆಂಟೊ. ಕುದುರೆಯ ಮೇಲೆ ಬರುವ ಪ್ರತಿನಿಧಿಗಳಿಗೆ ಎಟುಕುವಂತಹ ನಡುಭಾಗದ ಊರು ಬೇಕೆಂಬುದೂ, ದೊಡ್ಡ ನಗರದ ವ್ಯಾಪಾರಿಗಳ ಕೈಗೆ ಅಧಿಕಾರ ಸಿಗಬಾರದೆಂಬ ಹಳ್ಳಿಗರ ಹಟವೂ ಇದಕ್ಕೆ ಮುಖ್ಯ ಕಾರಣಗಳು. ಕೆಂಟಕಿ, ಮ್ಯಾಸಚೂಸೆಟ್ಸ್, ಪೆನ್ಸಿಲ್ವೇನಿಯಾ, ವರ್ಜೀನಿಯಾ ತಮ್ಮನ್ನು ‘ರಾಜ್ಯ’ ಎನ್ನುವ ಬದಲು ‘ಕಾಮನ್‌ವೆಲ್ತ್’ ಎಂದು ಕರೆದುಕೊಂಡರೂ ಅದರಿಂದ ಅವುಗಳ ಅಧಿಕಾರದಲ್ಲಿ ವ್ಯತ್ಯಾಸವಾಗುವುದಿಲ್ಲ.

ಪಟ್ಟಿಯಲ್ಲಿ ಬಾರದ, ಆದರೆ ಈ ವಿಷಯಕ್ಕೆ ಬಿಗಿಯಾಗಿ ಅಂಟಿಕೊಂಡಿರುವ ಒಂದು ಜಾಗ ದೇಶದ ರಾಜಧಾನಿ ವಾಷಿಂಗ್ಟನ್ ಡಿ.ಸಿ. ಅದು ಯಾವ ರಾಜ್ಯಕ್ಕೂ ಸೇರಿಲ್ಲ, ತಾನೂ ರಾಜ್ಯವಲ್ಲ. 2020ರಲ್ಲಿ ಅಲ್ಲಿ 6.9 ಲಕ್ಷ ಜನರಿದ್ದರು, ವಯೋಮಿಂಗ್‌ಗಿಂತಲೂ ವರ್ಮಾಂಟ್‌ಗಿಂತಲೂ ಹೆಚ್ಚು. 1961ರ ತಿದ್ದುಪಡಿಯಿಂದ ಅಧ್ಯಕ್ಷೀಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಬಂದರೂ ಕಾಂಗ್ರೆಸ್ಸಿನಲ್ಲಿ ಮತ ಚಲಾಯಿಸುವ ಪ್ರತಿನಿಧಿ ಅವರಿಗಿಲ್ಲ. ಹೆಮ್ಮೆಯ ಬಿರುದಿನ ಬದಲು ಅವರು 2000ನೇ ಇಸವಿಯಿಂದ ತಮ್ಮ ನಂಬರ್ ಪ್ಲೇಟುಗಳ ಮೇಲೆ, ಹದಿಮೂರು ವಸಾಹತುಗಳು ಬ್ರಿಟನ್ನಿನ ವಿರುದ್ಧ ಎತ್ತಿದ್ದ ದೂರನ್ನೇ ಬರೆದುಕೊಂಡಿದ್ದಾರೆ: ಪ್ರಾತಿನಿಧ್ಯವಿಲ್ಲದೆ ತೆರಿಗೆ. 2016ರ ಮತದಾನದಲ್ಲಿ ಬಹುದೊಡ್ಡ ಬಹುಮತ ರಾಜ್ಯದ ಸ್ಥಾನವನ್ನು ಕೇಳಿತು. ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ಅವರ ಸ್ಮರಣೆಯಲ್ಲಿ ‘ವಾಷಿಂಗ್ಟನ್, ಡಗ್ಲಸ್ ಕಾಮನ್‌ವೆಲ್ತ್’ ಎಂಬ ಹೆಸರೂ ಸಿದ್ಧವಾಯಿತು. ಕಾಂಗ್ರೆಸ್ಸಿನ ಕೆಳಮನೆ 2020ರಲ್ಲಿಯೂ 2021ರಲ್ಲಿಯೂ ಆ ಮಸೂದೆಯನ್ನು ಅಂಗೀಕರಿಸಿತು, ಸೆನೆಟ್ ಅಂಗೀಕರಿಸಲಿಲ್ಲ. ಈ ನಡುವೆ ಪ್ಲೇಟಿನ ಮೇಲಿನ ಸಾಲಿಗೆ ‘ಕೊನೆಗೊಳಿಸಿ’ ಎಂಬ ಒಂದು ಪದವನ್ನು ಅಲ್ಲಿನ ನಗರಾಡಳಿತ ಸೇರಿಸಿದೆ.